ಸೂಜಿ ಸಾಹೇಬರ ಸವಾರಿ

ಗೌರೀಶಂಕರನ ಎಲ್ಲ ತಾಪತ್ರಯಕ್ಕೂ ಮೂಲ ಆಷಾಢ ಮಾಸ. ಅವನ ಮದುವೆಯಾದದ್ದು ಅರವತ್ತೆರಡನೇ ಇಸವಿಯ ವೈಶಾಖದಲ್ಲಿ. ಹೆಂಡತಿ ಗಂಗಾಂಬಿಕೆ ಹಾಸನದ ಅವನ ಬಾಡಿಗೆ ಕೋಣೆಗೆ ಬಂದು, ಸೀಮೆಎಣ್ಣೆ ಸ್ಟೌವಿನ ಜೊತೆ ಜಗಳವಾಡಿ ರಾಜಿಯಾಗಿ, ಅವನ ಅಂಗಿಗಳಿಗೆಲ್ಲ ಗುಂಡಿ ಹೊಲಿದು, ಇನ್ನೇನು ಸಂಸಾರ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಆಷಾಢ ವಕ್ಕರಿಸಿತು. ಹೊಸದಾಗಿ ಮದುವೆಯಾದವಳು ಆ ತಿಂಗಳು ತವರಿನಲ್ಲಿರಬೇಕು. ಸೊಸೆ ತನ್ನ ಅತ್ತೆಯ ಮುಖ ನೋಡಬಾರದು, ಅಳಿಯ ತನ್ನ ಅತ್ತೆಯ ಹೊಸಿಲು ತುಳಿಯಬಾರದು. ಯಾರು ಮಾಡಿದರೋ ಈ ಕಾನೂನು, ಅವರಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು ಅಂತ ಕಾಣುತ್ತದೆ. ಮಾವ ಈಶ್ವರಯ್ಯನವರು ಬಂದು ಮಗಳನ್ನು ಕರೆದುಕೊಂಡು ಹೋದರು. ಬೀದಿ ತಿರುವಿನಲ್ಲಿ ಅವಳು ಒಂದು ಸಲ ತಿರುಗಿ ನೋಡಿದಳು. ಅಲ್ಲಿಂದ ಹನ್ನೆರಡು ದಿನ ಗೌರೀಶಂಕರನಿಗೆ ಅನ್ನ ಸೇರಲಿಲ್ಲ.

ಹದಿಮೂರನೆಯ ದಿನ ಶುಕ್ರವಾರ. ಅವನು ಮಲೇರಿಯಾ ಆಫೀಸಿನಲ್ಲಿ ಗುಮಾಸ್ತ. ಊರಿಗೆ ಹೋಗಬೇಕು, ತಾಯಿಗೆ ಮೈ ಸರಿಯಿಲ್ಲ ಅಂತ ಸೋಮವಾರದವರೆಗೆ ರಜೆ ಹಾಕಿದ. ಮನೆ ಒಡತಿ ಕಾಮಾಕ್ಷಮ್ಮನವರಿಗೂ ನಮ್ಮೂರು ನುಗ್ಗೇಹಳ್ಳಿಗೆ ಹೋಗಿ ಬರ್ತೀನಿ ಅಂದ. ಹೊರಟದ್ದು ಮಾತ್ರ ಅದರ ತದ್ವಿರುದ್ಧ ದಿಕ್ಕಿಗೆ, ಅರಕಲಗೂಡು ದಾಟಿ ಗುಡ್ಡಗಳ ಒಳಗಿದ್ದ ಹೆಂಡತಿಯ ಊರು ಮೇಲುಕಣಿವೆಗೆ. ಹೊಸಿಲು ತುಳಿಯಬಾರದು ತಾನೆ? ತುಳಿಯುವುದಿಲ್ಲ. ಊರಾಚೆ ಬಾವಿ ಇದೆ, ಅಲ್ಲಿಗೆ ಅವಳು ನೀರಿಗೆ ಬಂದೇ ಬರುತ್ತಾಳೆ. ಒಂದು ಗಳಿಗೆ ನೋಡಿ, ನಾಲ್ಕು ಮಾತಾಡಿ ಬಂದರೆ ಯಾವ ಮುಳುಗಿಹೋಗುವ ದೋಷ?

ಬಸ್ಸಿನಲ್ಲಿ ಹೋಗುವ ಹಾಗಿರಲಿಲ್ಲ. ಆ ಕಡೆಯ ಬಸ್ಸಿನಲ್ಲಿ ಅರ್ಧ ಜನ ಮಾವನ ಪೈಕಿ. ಆದ್ದರಿಂದ ಮೆಕ್ಯಾನಿಕ್ ಗುಂಡಯ್ಯನ ಹತ್ತಿರ ಮಿಲಿಟರಿ ಹರಾಜಿನಲ್ಲಿ ಬಂದಿದ್ದ ಮೋಟಾರ್ ಬೈಕನ್ನು ಎರವಲು ಕೇಳಿದ. ಆಗ ಹಾಸನದಲ್ಲಿ ಬೈಕುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಒಂದು ಬೈಕು ಹೋದರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು.

"ಒಂದೇ ಮಾತು ಸಾ," ಅಂದ ಗುಂಡಯ್ಯ. "ಯಾವಾಗ್ಲೂ ಇಳಿಜಾರಲ್ಲೇ ನಿಲ್ಸಿ. ಒದ್ರೆ ಏಳಾಕಿಲ್ಲ, ತಳ್ಳುದ್ರೆ ಏಳ್ತದೆ. ಆರನ್ ಇಲ್ಲ, ಬೇಕಾಗೂ ಇಲ್ಲ. ಮೂರು ಮೈಲಿಗೆ ಕೇಳುಸ್ತದೆ."

ಜಿಟಿಜಿಟಿ ಮಳೆಗೆ ಗುಂಡಯ್ಯನದೇ ಖಾಕಿ ಕೋಟು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ, ಹಿಂದೆ ಕಟ್ಟಿಕೊಂಡ ಒಂದು ಡಬ್ಬ ಕೊಬ್ಬರಿ ಮಿಠಾಯಿ. ಗಂಗಾಂಬಿಕೆಗೆ ಕೊಬ್ಬರಿ ಮಿಠಾಯಿ ಅಂದರೆ ಪ್ರಾಣ. ಕನ್ನಡಿಯಲ್ಲಿ ನೋಡಿಕೊಂಡರೆ ಗೌರೀಶಂಕರನಿಗೆ ತನ್ನ ಗುರುತು ತನಗೇ ಸಿಗಲಿಲ್ಲ. ಭಲೇ ಅಂದುಕೊಂಡು ಹೊರಟ.

ಎಡವಟ್ಟು ಶುರುವಾದದ್ದು ಅರಕಲಗೂಡಿನ ಹೋಟೆಲಿನಲ್ಲಿ. ಎದುರಿಗೆ ಕೂತು ಇಡ್ಲಿ ತಿನ್ನುತ್ತಿದ್ದವನು ಪಾಪಯ್ಯ, ಬಟ್ಟೆ ಗಂಟು ಹೊತ್ತು ಗುಡ್ಡದ ಹಳ್ಳಿಗಳಲ್ಲಿ ಮಾರುವವನು. ಸೀರೆಗಿಂತ ಹೆಚ್ಚಾಗಿ ಸುದ್ದಿ ಹಂಚುವ ಆಸಾಮಿ.

"ಯಾವ್ ಕಡೀಕೆ ಸವಾರಿ ಸಾ?"

"ಮೇಲುಕಣಿವೆ," ಅಂತ ಬಾಯಿತಪ್ಪಿ ಬಂದುಬಿಟ್ಟಿತು.

"ಮೇಲುಕಣಿವೇನಾ! ಅಲ್ಲಿ ನಂಗೊತ್ತಿಲ್ದೆ ಇರೋ ಮನೇನೇ ಇಲ್ಲ ಕಣ್ ಸಾ. ಯಾರ ಮನೀಗೆ? ಮಿಠಾಯಿ ಡಬ್ಬ ಬ್ಯಾರೆ ಐತೆ. ಒಸಾ ಅಳೀಮಯ್ಯ ಏನಾದ್ರೂವಾ..." ಪಾಪಯ್ಯ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಹಾಕಿದ. "ಆಸಾಡ ಕಣ್ ಸಾ ಇದು!"

ಇವನು ಸಂಜೆಯೊಳಗೆ ಅತ್ತೆಯ ಕಿವಿಗೆ ಹಾಕುವುದು ಗ್ಯಾರಂಟಿ. ಗೌರೀಶಂಕರ ಗಂಭೀರವಾಗಿ ಕನ್ನಡಕ ಏರಿಸಿದ.

"ನೋಡಪ್ಪ, ನಾನು ಮಲೇರಿಯಾ ಆಫೀಸಿನವನು. ಆ ಕಡೆ ಹಳ್ಳಿಗಳಲ್ಲಿ ಜ್ವರ ಇದೆ ಅಂತ ರಿಪೋರ್ಟಾಗಿದೆ. ರಕ್ತ ಪರೀಕ್ಷೆಗೆ ಹೋಗ್ತಿದೀನಿ."

"ರಕ್ತವಾ! ಎಂಗ್ ತಗೀತೀರಾ?"

"ಸೂಜಿ ಚುಚ್ಚಿ. ಬೆರಳ ತುದಿಯಿಂದ ಒಂದು ತೊಟ್ಟು."

"ಡಬ್ಬದಾಗೆ?"

"ಔಷಧಿ."

ಪಾಪಯ್ಯ ಕೈಮುಗಿದ. ಎದುರಿನವನು ರಕ್ತ ಕಂಡರೆ ತಲೆ ತಿರುಗಿ ಬೀಳುವ ಪ್ರಾಣಿ ಅಂತ ಅವನಿಗೇನು ಗೊತ್ತು? ಸುಳ್ಳಿಗೆ ಇನ್ನಷ್ಟು ತೂಕ ಬರಲಿ ಅಂತ ಗೌರೀಶಂಕರ, "ಬಾ, ಹಿಂದೆ ಕೂತ್ಕೋ, ಬಿಡ್ತೀನಿ," ಅಂದ.

"ಬ್ಯಾಡ ಸಾ. ನಿಮ್ ರಸ್ತೆ ಗುಡ್ಡಾನೆಲ್ಲಾ ಸುತ್ತಾಕ್ಕೊಂಡು ಓಯ್ತದೆ. ನಂದು ಕಾಲ್ದಾರಿ, ನೆತ್ತಿ ಮ್ಯಾಗೇ ಅತ್ತಿ ಇಳಿಯೋದು. ನಾನೇ ಮುಂದಾಗಿ ಓಗಿ ಎಲ್ರಿಗೂ ಏಳ್ತೀನಿ ಬುಡಿ," ಅಂತ ಗಂಟು ಹೊತ್ತುಕೊಂಡು ನಡೆದೇಬಿಟ್ಟ.

ಅವನು ಹೇಳಿದ್ದು ನಿಜ. ರಸ್ತೆ ಅನ್ನುವುದು ಒಂದು ಗುಡ್ಡಕ್ಕೆ ಮೂರು ಸುತ್ತು ಹಾಕಿ, ಕಣಿವೆಗೆ ಇಳಿದು, ಹಳ್ಳ ದಾಟಿ, ಮತ್ತೆ ಇನ್ನೊಂದು ಗುಡ್ಡದ ಸೊಂಟ ಹಿಡಿಯುತ್ತಿತ್ತು. ಏರಿನಲ್ಲಿ ಬೈಕಿಗೆ ದಮ್ಮು ಕಟ್ಟುತ್ತಿತ್ತು. ಇಳಿದು, ಅದು ಆರುವವರೆಗೆ ಬಂಡೆಯ ಮೇಲೆ ಕೂತು, ಮತ್ತೆ ತಳ್ಳಬೇಕು. ಹಾಗೆ ಕೂತಾಗ ಮಾತ್ರ ಎಂಥ ಸುಖ! ಕೆಳಗೆ ಮಂಜು ಸರಿದು ನಾಟಿಯ ಗದ್ದೆಗಳು ಕಾಣುತ್ತಿದ್ದವು, ಹೆಂಗಸರು ಪದ ಹೇಳುವುದು ಅಷ್ಟು ದೂರಕ್ಕೂ ಕೇಳುತ್ತಿತ್ತು. ಈಗ ಆ ದಾರಿಗೆಲ್ಲ ಟಾರು ಬಂದಿದೆ, ಅರ್ಧ ದಿನದಲ್ಲಿ ಹೋಗಿ ಬರುತ್ತಾರೆ, ಯಾರೂ ಬಂಡೆಯ ಮೇಲೆ ಕೂರುವುದಿಲ್ಲ. ಗೌರೀಶಂಕರ ಕೂತ. ಗಂಗಾಂಬಿಕೆಯನ್ನು ಕೂರಿಸಿಕೊಂಡು ಒಂದು ದಿನ ಇಲ್ಲಿಗೆ ಬರಬೇಕು ಅಂತ ಆಸೆಪಟ್ಟ.

ದಾರಿಯ ಮೊದಲ ಊರು ಬೈನೆಹಳ್ಳಿ ಮುಟ್ಟುವ ಹೊತ್ತಿಗೆ ಶುಕ್ರವಾರ ಸಂಜೆ. ಊರ ಬಾಗಿಲಲ್ಲಿ ಪಟೇಲ ನಂಜಯ್ಯನವರು ರುಮಾಲು ಸುತ್ತಿ, ಚೆಂಡುಹೂವಿನ ಹಾರ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದೆ ಜ್ವರ ಬಂದವರು, ಜ್ವರ ಬಂದು ಹೋದವರು, ಬರಬಹುದು ಅನ್ನಿಸಿದವರು ಎಲ್ಲ ಸಾಲಾಗಿ ನಿಂತಿದ್ದರು.

"ಬರ್ಬೇಕು ಸೂಜಿ ಸಾಯೇಬ್ರು. ಪಾಪಯ್ಯ ಎಲ್ಲಾ ಏಳವ್ನೆ," ಅಂದರು ಪಟೇಲರು. "ಇವತ್ತು ಇಲ್ಲೇ ಮೊಕ್ಕಾಂ."

"ಇಲ್ಲ ಪಟೇಲ್ರೆ, ನಾನು ಅರ್ಜೆಂಟಾಗಿ..."

"ಅದೆಂಗಾದದು ಸಾ? ಸರ್ಕಾರ ನಮ್ಮೂರಿಗೆ ಬಂದಿರೋದೇ ಮೊದ್ಲು."

ಸಾಲಿನ ಮುಂದೆ ಬೆಟ್ಟಮ್ಮ ಅನ್ನುವ ಮುದುಕಿ ಬೆರಳು ಚಾಚಿಕೊಂಡು ಕೂತಿದ್ದಳು. ಚುಚ್ಚಲು ಸೂಜಿಯೂ ಇಲ್ಲ, ಧೈರ್ಯವೂ ಇಲ್ಲ. ಗೌರೀಶಂಕರ ಅವಳ ನಾಡಿ ಹಿಡಿದು, ಆಕಾಶ ನೋಡಿ, "ನಿಮಗೆ ಸೂಜಿ ಬೇಡ, ಗುಳಿಗೆ ಸಾಕು," ಅಂತ ಡಬ್ಬ ತೆರೆದು ಒಂದು ಚೂರು ಮಿಠಾಯಿ ಬಾಯಿಗೆ ಹಾಕಿದ.

ಬೆಳಿಗ್ಗೆ ಬೆಟ್ಟಮ್ಮನ ಜ್ವರ ಬಿಟ್ಟಿತ್ತು! ಅದು ತಾನಾಗಿ ಬಿಟ್ಟದ್ದೋ, ಕೊಬ್ಬರಿಯ ಮಹಿಮೆಯೋ, ಯಾರು ವಿಚಾರಿಸುತ್ತಾರೆ? "ಅಯ್ಯೋ ನಮ್ಮಪ್ಪಾ, ಅಮೃತ ಕಣವ್ವಾ, ನಾಲ್ಗೆ ಮ್ಯಾಗೆ ಇಟ್ರೆ ಕರಗ್ತದೆ," ಅಂತ ಅವಳು ಬೀದಿ ತುಂಬ ಸಾರಿಕೊಂಡು ಬಂದಳು. ಊರಿಗೆ ಊರೇ ನರಳತೊಡಗಿತು. ಮಕ್ಕಳಿಗೆ ಎರಡೆರಡು ಸಲ ಜ್ವರ ಬಂತು. ಪಟೇಲರು ತಮ್ಮ ಹಾಲು ಕೊಡದ ಎಮ್ಮೆಗೂ ಒಂದು ಚೂರು ಇಸಿದುಕೊಂಡರು. ಮಧ್ಯಾಹ್ನ ಉಂಡು, ಹತ್ತು ಜನರ ಕೈಲಿ ಬೈಕು ತಳ್ಳಿಸಿಕೊಂಡು ಹೊರಟಾಗ ಡಬ್ಬದಲ್ಲಿ ಹೆಂಡತಿಗೆ ಅಂತ ಉಳಿದದ್ದು ಬರೀ ಎಣ್ಣೆಕಾಗದ. ಗೌರೀಶಂಕರನಿಗೆ ಅಳುವೇ ಬಂತು.

ಮುಂದಿನ ಊರು ದೊಡ್ಡಕಣಿವೆಯಲ್ಲಿ ಹಾರ ಇರಲಿಲ್ಲ, ಪಟೇಲರಿರಲಿಲ್ಲ, ನಾಯಿ ಸಹ ಇರಲಿಲ್ಲ. ಬಾಗಿಲಿಗೆಲ್ಲ ಹೊರಗಿನಿಂದ ಚಿಲಕ. ಒಲೆಯ ಮೇಲೆ ಎಸರು ಕುದಿಯುವುದು ಹೊರಕ್ಕೆ ಕೇಳುತ್ತಿತ್ತು. ಗುಡಿಯ ಜಗಲಿಯ ಮೇಲೆ ಒಬ್ಬ ಮುದುಕ ಮಾತ್ರ ಕೂತು ಹುರುಳಿಕಾಳು ಮೆಲ್ಲುತ್ತಿದ್ದ. ಹೆಸರು ಬೈರಯ್ಯ.

"ಎಲ್ಲಾ ಎಲ್ಲಿ ಹೋದ್ರು ತಾತ?"

"ಕಾಡಿಗೆ ಓದ್ರು ಕಣಪ್ಪಾ. ಸೂಜಿ ಸಾಯೇಬ ಅಂತ ಯಾವನೋ ಬತ್ತಾವ್ನಂತೆ. ಆಳಿಗೆ ಒಂದೊಂದ್ ಸೇರು ರಕ್ತ ಇಳಿಸ್ಕೊಂಡು ಡಬ್ಬಕ್ಕೆ ತುಂಬ್ತಾನಂತೆ. ಪಾಪಯ್ಯ ಕಣ್ಣಾರೆ ಕಂಡ್ನಂತೆ."

ಅರಕಲಗೂಡಿನ ತೊಟ್ಟು ಗುಡ್ಡ ಹತ್ತಿ ಇಳಿಯುವುದರೊಳಗೆ ಸೇರಾಗಿತ್ತು.

"ನಿಮಗೆ ಭಯ ಇಲ್ವಾ?"

"ನನ್ ಮೈಯಾಗೆ ಸೇರ್ ರಕ್ತ ಎಲ್ಲೈತಪ್ಪಾ! ಸಿಕ್ಕುದ್ರೆ ತಗೊಂಡೋಗ್ಲಿ," ಅಂದ ಬೈರಯ್ಯ. ಕನ್ನಡಕದವನನ್ನು ಮೇಲಿಂದ ಕೆಳಗೆ ನೋಡಿದ. "ಅಂದಂಗೆ ನೀವ್ಯಾರು?"

"ನಾನು... ದಾರಿಹೋಕ."

"ಅಂಗಾರೆ ಕುಂತ್ಕೊ. ಕಾಳು ತಿನ್ನು."

ಆ ರಾತ್ರಿ ಹುರುಳಿಕಾಳೇ ಊಟ. ಬೆಳಿಗ್ಗೆ ಬೈಕು ತಳ್ಳಲು ಒಂದು ನರಪಿಳ್ಳೆಯೂ ಇಲ್ಲ, ಊರೋ ಅಂಗೈಯಷ್ಟು ಸಪಾಟು. ಬೈರಯ್ಯ ಜಗಲಿಯಿಂದಲೇ "ಐಸಾ! ಐಸಾ!" ಅಂತ ಕೂಗಿ ಸಹಾಯ ಮಾಡಿದ. ಗೌರೀಶಂಕರ ಒಬ್ಬನೇ ಅರ್ಧ ಮೈಲಿ ತಳ್ಳಿದ.

ಆದರೂ ಭಾನುವಾರದ ಹತ್ತು ಗಂಟೆಗೆ ಮೇಲುಕಣಿವೆ ಕಣ್ಣಿಗೆ ಬಿದ್ದಾಗ ಎಲ್ಲ ಮರೆತುಹೋಯಿತು. ಸದ್ದಾಗಬಾರದೆಂದು ಬೈಕನ್ನು ಮೂರು ಮೈಲಿ ಹಿಂದೆಯೇ ಮತ್ತಿಮರದ ಕೆಳಗೆ, ಇಳಿಜಾರು ನೋಡಿ ನಿಲ್ಲಿಸಿದ. ಕೋಟು, ಕನ್ನಡಕ ಅಲ್ಲೇ ಬಿಟ್ಟು ಬಾವಿಯ ಹತ್ತಿರ ಹೋಗಿ ಕೂತ. ಹನ್ನೊಂದಾಯಿತು. ಹನ್ನೆರಡಾಯಿತು. ಒಬ್ಬ ಹೆಂಗಸೂ ನೀರಿಗೆ ಬರಲಿಲ್ಲ. ಇನ್ನು ತಡೆಯಲಾರದೆ ಮಾವನ ಮನೆಯ ಮುಂದೆ ಹೋಗಿ, ಹೊಸಿಲಿನಿಂದ ಎರಡು ಗಜ ದೂರ ನಿಂತು ಕೆಮ್ಮಿದ.

ಒಳಗೆ ಬಳೆ ಸದ್ದಾಯಿತು. ಕಿಂಡಿಯಿಂದ ನೋಡಿದ ಅತ್ತೆ ಬಸವಲಿಂಗಮ್ಮನವರು "ಶಿವಶಿವಾ!" ಅಂತ ಬಾಗಿಲ ಮರೆಗೆ ಸರಿದರು. ಆಷಾಢದಲ್ಲಿ ಅಳಿಯನ ಜೊತೆ ಮಾತಾಡುವುದು ಹೇಗೆ? ಅವರು ಒಳಗಿನ ಕಂಬದ ಜೊತೆ ಮಾತಾಡತೊಡಗಿದರು.

"ಎಲೆ ಕಂಬವೇ, ಈ ತಿಂಗ್ಳು ಬರಬಾರ್ದು ಅಂತ ಅಳಿಯಂದ್ರಿಗೆ ಯಾರೂ ಏಳ್ಲಿಲ್ವಾ?"

"ಕಂಬಕ್ಕೆ ಹೇಳಿ ಅತ್ತೆ, ಇದೇ ದಾರೀಲಿ ಹೋಗ್ತಿದ್ದೆ, ನೋಡ್ಕೊಂಡು ಹೋಗೋಣ ಅಂತ... ಗಂಗಾ ಎಲ್ಲಿ?"

ಕಂಬದ ಕಡೆಯಿಂದ ಅಳು ಕೇಳಿತು. "ಇಲ್ಲ ಕಣವ್ವಾ ಕಂಬವೇ, ಮಗ್ಳು ಊರಲ್ಲಿಲ್ಲ. ಯಾವನೋ ಸೂಜಿ ಸಾಯೇಬ ಬತ್ತಾವ್ನಂತೆ, ಒಸದಾಗಿ ಮದ್ವೆ ಆದೋರ ರಕ್ತಾನೇ ಉಡುಕ್ಕೊಂಡು ಬತ್ತಾವ್ನಂತೆ, ಅದು ಸ್ಯಾನೆ ಶಕ್ತಿಯಂತೆ. ನಿನ್ನೆ ಒತ್ತಾರೆ ಪಾಪಯ್ಯ ಬಂದು ಏಳ್ದ. ಮಗು ನಡುಗೋಯ್ತು. 'ನಮ್ ಯಜಮಾನ್ರು ಅದೇ ಆಪೀಸಲ್ಲಿರೋದು, ಅವ್ರಿಗೆ ಒಂದ್ ಮಾತು ಏಳುದ್ರೆ ಆ ಪಾಪಿನ ತಡೀತಾರೆ' ಅಂತ ಅವ್ರಪ್ಪನ್ನ ಎಳ್ಕೊಂಡು, ಕಾಲ್ದಾರೀಲಿ ಇಳಿದು, ಬಸ್ಸಿಗೆ ಹಾಸನಕ್ಕೆ ಓಯ್ತು. ಅಳಿಯಂದ್ರ ಅತ್ರಕ್ಕೇ ಓಯ್ತು!"

ಗೌರೀಶಂಕರನಿಗೆ ಕಾಲ ಕೆಳಗಿನ ಮೇಲುಕಣಿವೆ ಸರ್‍ರನೆ ತಿರುಗಿತು. ಮೂರು ದಿನ ಯಾರಿಗಾಗಿ ಗುಡ್ಡ ಹತ್ತಿ ಇಳಿದನೋ ಅವಳು ಅವನ ಕೋಣೆಯ ಬಾಗಿಲಲ್ಲೇ ಕೂತಿದ್ದಳು! ಮರುಗಳಿಗೆಯೇ ಹಾರುವಷ್ಟು ಖುಷಿಯೂ ಆಯಿತು. ಹಾಸನದಲ್ಲಿ ಅತ್ತೆಯೂ ಇಲ್ಲ, ಹೊಸಿಲೂ ಇಲ್ಲ. "ಕಂಬಕ್ಕೆ ನಮಸ್ಕಾರ," ಅಂತ ಕೂಗಿ ಓಡಿದವನು ಬೈಕು ಏರಿ ಹಿಂದಿರುಗಿ ನೋಡಲಿಲ್ಲ. ದೊಡ್ಡಕಣಿವೆಯ ಜನ ಮತ್ತೊಮ್ಮೆ ಕಾಡಿಗೆ ಓಡಿದರು. ಬೈನೆಹಳ್ಳಿಯಲ್ಲಿ ಬೆಟ್ಟಮ್ಮ ನಾಲಿಗೆ ಚಾಚಿ ಅಡ್ಡ ನಿಂತಳು, ಅವಳನ್ನೂ ಬಳಸಿಕೊಂಡು ಬಂದ. ಅರಕಲಗೂಡಿನ ಹತ್ತಿರ ಪೆಟ್ರೋಲು ಮುಗಿದು ಅರ್ಧ ದಿನ ಹೋಯಿತು. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಹಾಸನ ಮುಟ್ಟಿದ.

ಕೋಣೆಗೆ ಬೀಗ ಹಾಗೇ ಇತ್ತು. ಕಾಮಾಕ್ಷಮ್ಮನವರು ಹೊರಗೆ ಬಂದರು.

"ಏನಪ್ಪಾ, ಈಗ ಬಂದ್ಯಾ? ನಿನ್ನ ಹೆಂಡತಿ ಬಂದು ಎರಡು ರಾತ್ರಿ ನಮ್ಮನೇಲಿದ್ಲು. ಬೀದೀಲಿ ಹೆಜ್ಜೆ ಸದ್ದಾದ್ರೆ ಎದ್ದು ಕೂರೋಳು ಪಾಪ. ನುಗ್ಗೇಹಳ್ಳಿಗೆ ಹೋಗಿದಾನಮ್ಮ ಅಂದೆ. ಅಲ್ಲಿಗೆ ಹೋಗೋಣ ಅಂದ್ರೆ ಅವಳಿಗೂ ಅತ್ತೆ ಮುಖ ನೋಡೋ ಹಾಗಿಲ್ವಲ್ಲ! ಅವರಪ್ಪ ಗದ್ದೆ ನಾಟಿ ನಿಂತೋಯ್ತು ಅಂತ ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೊರಟುಹೋದ್ರು."

ಗೌರೀಶಂಕರ ಮೆಟ್ಟಿಲ ಮೇಲೆ ಕುಸಿದ. ಬಾಗಿಲ ಪಕ್ಕದಲ್ಲಿ ಅವಳು ಕೂತಿದ್ದಿರಬಹುದಾದ ಜಾಗವನ್ನು ಬಹಳ ಹೊತ್ತು ನೋಡಿದ. ಇನ್ನೂ ಎರಡು ವಾರ ಆಷಾಢವಿತ್ತು.

ಮಂಗಳವಾರ ಆಫೀಸಿಗೆ ಕಾಲಿಡುತ್ತಲೇ ದೊಡ್ಡ ಸಾಹೇಬರು ಕರೆಸಿದರು. ಅವರ ಕೈಯಲ್ಲಿ ಒಂದು ಅರ್ಜಿ.

"ನಿಮ್ಮ ಮನೆಯವರು ನೆನ್ನೆ ಬಂದಿದ್ರು ಕಣ್ರೀ. ಬಹಳ ಗಟ್ಟಿಗಿತ್ತಿ. ಯಾವನೋ ಖದೀಮ ಮೋಟಾರ್ ಬೈಕಲ್ಲಿ ನಮ್ಮ ಆಫೀಸಿನ ಹೆಸರು ಹೇಳ್ಕೊಂಡು ಹಳ್ಳಿಗಳಲ್ಲಿ ತಿರುಗ್ತಿದಾನಂತೆ. ಓದ್ರಿ, ಗಟ್ಟಿಯಾಗಿ."

ಗಂಗಾಂಬಿಕೆಯ ದುಂಡು ಅಕ್ಷರ. ಖಾಕಿ ಕೋಟು, ಕಪ್ಪು ಕನ್ನಡಕ, ರಕ್ತದ ಡಬ್ಬ ಎಲ್ಲವನ್ನೂ ಗೌರೀಶಂಕರ ತೊದಲುತ್ತ ಓದಿ ಕೊನೆಗೆ ಬಂದ.

"...ನನ್ನ ಯಜಮಾನರಾದ ಗೌರೀಶಂಕರ ಇವರು ತಮ್ಮ ಆಫೀಸಿನಲ್ಲೇ ಇದ್ದು, ಬಹಳ ಧೈರ್ಯಸ್ಥರೂ ಸತ್ಯವಂತರೂ ಆಗಿರುತ್ತಾರೆ. ಆ ದುಷ್ಟನನ್ನು ಹಿಡಿಯಲು ದಯಮಾಡಿ ಅವರನ್ನೇ ನಮ್ಮ ಊರಿಗೆ ಕಳಿಸಬೇಕೆಂದು ಬೇಡಿಕೊಳ್ಳುತ್ತೇನೆ. ಆದರೆ ಈಗಲೇ ಬೇಡ. ಆಷಾಢ ಕಳೆದ ಮೇಲೆ."

ಸಾಹೇಬರು ಅರ್ಜಿ ಇಸಿದುಕೊಂಡು, ಅಂಚಿನಲ್ಲಿ "ಆಗಬಹುದು" ಅಂತ ಬರೆದು ರುಜು ಹಾಕಿದರು.

"ಅಲ್ಲೀತನಕ ನೀವು ಹಾಸನ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ ಕಣ್ರೀ," ಅಂದರು.