ಸೇರು ಒದ್ದು ಬಂದವರು

ನಮ್ಮಕ್ಕ ಒಂದೇ ವಾರದಲ್ಲಿ ನಲವತ್ತೆರಡು ಹುಡುಗಿಯರನ್ನು ಮನೆ ತುಂಬಿಸಿಕೊಂಡವಳು. ಗಂಡು ಯಾರು ಎನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ!

ಅಕ್ಕ ಎಂದರೆ ಭದ್ರಾವತಿ ಓಲ್ಡ್ ಟೌನಿನ ದೊಡ್ಡಮ್ಮನ ಮಗಳು. ನಾನು ಆಲ್ಕೊಳದವಳು. ಅವಳು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ನಾನು ಅದೇ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿದೆ. ಹೊಸಬರು ಬರುವ ವಾರ ಹಳೆಯ ವಿದ್ಯಾರ್ಥಿನಿಯರು ಬ್ಯಾಡ್ಜ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲಬೇಕು. ರೂಮು, ಬಚ್ಚಲು, ಊಟದ ಹಾಲ್ ತೋರಿಸಬೇಕು. ಸ್ವಯಂಸೇವಕಿಯರ ಕೆಲಸ ಅಷ್ಟೇ. ಆದರೆ ನಾನು ಬ್ಯಾಗು ಹಿಡಿದು ಮೆಟ್ಟಿಲೇರಿದಾಗ ಹೊಸ್ತಿಲ ಮೇಲೆ ಅಕ್ಕಿ ಬೆಲ್ಲ ತುಂಬಿದ ಹಿತ್ತಾಳೆಯ ಸೇರು ಕೂತಿತ್ತು. ಪಕ್ಕದಲ್ಲಿ ಅಕ್ಕ ನಿಂತಿದ್ದಳು.

"ಬಲಗಾಲು" ಎಂದಳು.

"ಅಕ್ಕಾ, ನಾನು ಓದೋಕೆ ಬಂದಿರೋದು."

"ಹೆಣ್ಣುಮಗಳು ಹೊಸ ಮನೆಗೆ ಬರ್ತಾಳೆ ಅಂದ್ರೆ ಸೇರು ಬೇಡ್ವೇನೇ? ಸುಮ್ನೆ ಸೈನ್ ಮಾಡಿ ಒಳಗೆ ಹೋಗೋಕೆ ಇದೇನು ಬ್ಯಾಂಕಾ ಮಾರಾಯ್ತಿ?"

ಒದ್ದೆ. ಐದೇ ನಿಮಿಷದಲ್ಲಿ ನನ್ನ ಎದೆಯ ಮೇಲೂ ಒಂದು ಬ್ಯಾಡ್ಜ್ ಬಿತ್ತು. ಹೊಸಬಳೇ ಹೊಸಬರನ್ನು ಸ್ವಾಗತಿಸುವುದು ಹೇಗೆ? ಬಚ್ಚಲು ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ನಾನೂ ಅದನ್ನೇ ಹುಡುಕುತ್ತಿದ್ದೇನೆ ಎಂದು ಅವರ ಜೊತೆಗೇ ಹೊರಡುತ್ತಿದ್ದೆ. ಮುಂದೆ ಬರುವವರು ಒದ್ದ ಅಕ್ಕಿ ನೆಲಕ್ಕೆ ಚೆಲ್ಲಬಾರದೆಂದು ಅಕ್ಕ ಹೊಸ್ತಿಲ ಒಳಗೆ ಒಂದು ಬೆಡ್‌ಶೀಟ್ ಹಾಸಿದಳು. ಹೊಸದು. ನನ್ನದು.

ಆ ಸೇರನ್ನು ಅವಳು ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ತಂದಿದ್ದಳಂತೆ. ಅಂಗಡಿಯವರು ಮದುವೆ ಯಾವತ್ತು ಎಂದು ಕೇಳಿದ್ದಾರೆ. ವಾರವಿಡೀ ಇದೆ ಎಂದಿದ್ದಾಳೆ. ಹೆಣ್ಣು ಯಾರ ಕಡೆಯವರು ಎಂದಿದ್ದಾರೆ. ಒಬ್ಬರಲ್ಲ, ನಲವತ್ತೆರಡು ಜನ ಎಂದಿದ್ದಾಳೆ. ಅವರು ಮತ್ತೇನೂ ಕೇಳದೆ ಸೇರನ್ನು ಕಾಗದದಲ್ಲಿ ಸುತ್ತಿಕೊಟ್ಟರಂತೆ.

ಮೂರನೆಯ ದಿನ ಸೂಟ್‌ಕೇಸ್ ಎಳೆದುಕೊಂಡು ಒಬ್ಬಳು ತೆಳ್ಳಗಿನ ಹುಡುಗಿ ಬಂದಳು. ಏನೋ ಹೇಳಲು ಹೊರಟವಳನ್ನು ಅಕ್ಕ ತಡೆದು, ಸೇರು ಒದೆಸಿ, ಮಹಡಿಗೆ ಕರೆದೊಯ್ದಳು. ಕಿಟಕಿಯ ಪಕ್ಕದ ಮಂಚ ಕೊಟ್ಟಳು. ಕರೆಂಟ್ ಒಲೆ ತಂದಿದ್ದರೆ ಮಂಚದ ಕೆಳಗೆ ಟ್ರಂಕಿನ ಹಿಂದೆ ಇಡಬೇಕು, ವಾರ್ಡನ್ ಅಲ್ಲಿಗೆ ಬಗ್ಗಿ ನೋಡುವುದಿಲ್ಲ ಎಂದು ಪ್ರೀತಿಯಿಂದ ಹೇಳಿಕೊಟ್ಟಳು. ಆ ಹುಡುಗಿ ಎಲ್ಲವನ್ನೂ ಗಮನವಿಟ್ಟು ಕೇಳಿ, ತಾನೇ ಹೊಸ ವಾರ್ಡನ್ ಎಂದಳು!

ಮರುದಿನ ಹಾಸ್ಟೆಲಿನಲ್ಲಿ ಒಂಬತ್ತು ಒಲೆ ಸಿಕ್ಕಿಬಿದ್ದವು. ಸೇರು ಮಾತ್ರ ಹೊಸ್ತಿಲಲ್ಲೇ ಉಳಿಯಿತು. ವಾರ್ಡನ್‌ಗೆ ಅದು ಹಿಡಿಸಿತ್ತೋ, ಏನು ಹೇಳಬೇಕೆಂದು ತಿಳಿಯಲಿಲ್ಲವೋ, ನನಗೆ ಗೊತ್ತಿಲ್ಲ.

ವಾರದ ಕೊನೆಗೆ ಹೊನ್ನಾಳಿ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆತಂದರು. ಹಾಸ್ಟೆಲು ಅಜ್ಜಿಗೆ ಒಪ್ಪಿಗೆಯಾಗದಿದ್ದರೆ ಹುಡುಗಿ ಅದೇ ಬಸ್ಸಿಗೆ ವಾಪಸ್ಸು, ಓದು ಅಲ್ಲಿಗೆ ಮುಗಿಯಿತು ಎಂದು ಮನೆಯಲ್ಲೇ ಮಾತಾಗಿತ್ತಂತೆ. ಅಜ್ಜಿ ಒಳಗೆ ಬರದೆ ಹೊರಗಿನಿಂದಲೇ ಪರೀಕ್ಷೆ ಶುರು ಮಾಡಿದರು. ಕಾಂಪೌಂಡ್ ಗಿಡ್ಡ, ನೀರಿನ ತೊಟ್ಟಿಗೆ ಪಾಚಿ, ಸುತ್ತ ಒಂದೂ ಮನೆ ಇಲ್ಲ. ಬೇಡ, ನಡಿ ಎಂದುಬಿಟ್ಟರು. ಹುಡುಗಿ ಅಳಲಿಲ್ಲ. ಅಳು ನುಂಗಿದ್ದು ಮಾತ್ರ ನನಗೆ ಕಂಡಿತು. ಆದರೆ ಅವಳ ಬ್ಯಾಗನ್ನು ನಾನು ಆಗಲೇ ಒಳಗೆ ಹೊತ್ತು ಇಟ್ಟಿದ್ದೆ. ಅದನ್ನು ತರಲು ಅವಳು ಮೆಟ್ಟಿಲೇರಿದಳು.

"ಬಲಗಾಲು" ಎಂದಳು ಅಕ್ಕ.

ಹುಡುಗಿ ಗೊಂದಲದಲ್ಲಿ ಒದ್ದೇಬಿಟ್ಟಳು. ಅಕ್ಕಿ ನನ್ನ ಬೆಡ್‌ಶೀಟಿನ ತುಂಬ ಹರಡಿತು. ಹಿಂದೆಯೇ ಬಂದ ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತರು.

"ಸೇರು ಒದ್ದುಬಿಟ್ಲಲ್ಲೇ. ಮನೆ ತುಂಬಿದ ಹೆಣ್ಣನ್ನ ನಿಂತ ಕಾಲಲ್ಲಿ ವಾಪಸ್ ಹೆಂಗೆ ಕರ್ಕೊಂಡು ಹೋಗ್ಲಿ ನಾನು?"

ಅಜ್ಜಿ ಚೆಲ್ಲಿದ ಅಕ್ಕಿಯನ್ನೊಮ್ಮೆ ನೋಡಿ ತಲೆಯೆತ್ತಿದರು.

"ಈ ಮನೇಲಿ ಹಿರೇರು ಯಾರು?"

"ನಾನೇ ಅಜ್ಜಿ" ಎಂದಳು ಅಕ್ಕ. ಅವಳಿಗೆ ಇಪ್ಪತ್ತಮೂರು!

ಅಜ್ಜಿ ಅವಳ ಕೈ ಹಿಡಿದು, ಹುಡುಗಿ ಬದನೆಕಾಯಿ ತಿನ್ನುವುದಿಲ್ಲ, ತಲೆ ಒರೆಸಿಕೊಳ್ಳದೆ ಮಲಗುತ್ತಾಳೆ, ಬೈದರೆ ಉಪವಾಸ ಕೂರುತ್ತಾಳೆ ಎಂದು ಒಂದೊಂದಾಗಿ ಒಪ್ಪಿಸಿ ಒಬ್ಬರೇ ಬಸ್ಸು ಹತ್ತಿದರು. ನಮ್ಮಕ್ಕ ಮದುವೆಯಾಗದೆಯೇ ಅತ್ತೆಯಾದಳು.

ಬೇಕೆಂದೇ ಒದೆಸಿದೆಯಾ ಎಂದು ನಾನು ಆಮೇಲೆ ಕೇಳಿದೆ. ಅದಕ್ಕೆ ಅವಳು ಬೇರೇನೋ ಹೇಳಿದಳು. ಹಿಂದಿನ ವರ್ಷ, ದೊಡ್ಡಮ್ಮ ತೀರಿಕೊಂಡ ಮೂರು ತಿಂಗಳಿಗೆ, ಅವಳು ಟ್ರಂಕು ಹೊತ್ತು ಒಬ್ಬಳೇ ಬಸ್ಸಿನಲ್ಲಿ ಇದೇ ಹಾಸ್ಟೆಲಿಗೆ ಬಂದಿದ್ದಳಂತೆ.

"ಯಾವ ಬಾಗ್ಲಿಂದ ಒಳಗೆ ಹೋಗ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಕಣೇ. ಅರ್ಧ ಗಂಟೆ ಗೇಟಲ್ಲೇ ನಿಂತಿದ್ದೆ. ಯಾರೂ ಬಾ ಅನ್ಲಿಲ್ಲ."

ನನ್ನ ಬೆಡ್‌ಶೀಟಿಗಾಗಿ ತೆಗೆಯಬೇಕೆಂದಿದ್ದ ಜಗಳವನ್ನು ನಾನು ಅಲ್ಲಿಗೇ ಬಿಟ್ಟೆ.

ಮಾರನೆಯ ವರ್ಷ ಓದು ಮುಗಿಸಿ ಅಕ್ಕ ಹೊರಟ ದಿನ ಹೊನ್ನಾಳಿ ಕಡೆಯ ಆ ಹುಡುಗಿ ಅದೇ ಸೇರನ್ನು ತಂದಳು. ಹೊಸ್ತಿಲಲ್ಲಿ ಇಡಲಿಲ್ಲ. ಅಕ್ಕನಿಂದ ವೇಲನ್ನು ಮಡಿಲಿನಂತೆ ಹಿಡಿಸಿ, ಅದರೊಳಗೆ ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ ಹಾಕಿದಳು. ಮದುವೆಯಾಗದವಳಿಗೆ ಮಡಿಲು ತುಂಬಬಹುದೇ ಎಂದು ನನ್ನನ್ನು ಕೇಳಬೇಡಿ. ಆ ಹಾಸ್ಟೆಲಿನ ಶಾಸ್ತ್ರಗಳನ್ನು ಅರ್ಥ ಮಾಡಿಕೊಳ್ಳುವುದನ್ನು ನಾನು ಯಾವತ್ತೋ ಬಿಟ್ಟಿದ್ದೆ.

"ಇದು ತವರಿನವರು ಮಾಡೋದು ಕಣೇ, ನೀನು ಸೊಸೆ" ಎಂದಳು ಅಕ್ಕ.

"ನಿಮಗೆ ಇದು ತವರಲ್ವಾ ಅಕ್ಕ?"

ಬಸ್ಸು ಬಂತು. ಒಬ್ಬಳೇ ಹೊತ್ತು ತಂದಿದ್ದ ಆ ಟ್ರಂಕನ್ನು ನಾವೆಲ್ಲ ಸೇರಿ ಹತ್ತಿಸಿದೆವು. ಅವಳ ಎರಡೂ ಕೈ ಮಡಿಲು ಹಿಡಿದುಕೊಂಡಿದ್ದವು, ಕಣ್ಣೊರೆಸಿಕೊಳ್ಳಲೂ ಬಿಡುವಿರಲಿಲ್ಲ.