ಏಳದ ಕೈ, ತಗ್ಗಿದ ತಂತಿ

ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ ಸರಿಯಾಗಿ ನನ್ನ ಗದ್ದದ ಮಟ್ಟಕ್ಕಿತ್ತು. ಸ್ವಲ್ಪ ದಿನಗಳ ಹಿಂದಿನವರೆಗೂ ಅದು ನೆತ್ತಿಗಿಂತ ಒಂದು ಗೇಣು ಮೇಲಿತ್ತು. ಇಂಥದ್ದನ್ನೆಲ್ಲ ಅಳೆಯುವವಳಿಗೆ ಬೇರೆ ಕೆಲಸವಿಲ್ಲವೆಂದು ನಿಮಗೆ ಅನ್ನಿಸಬಹುದು. ಆದರೆ ಈ ಪ್ರಪಂಚವನ್ನು ಎಷ್ಟು ಎತ್ತರದಲ್ಲಿ ಕಟ್ಟಿದ್ದಾರೆ ಎಂಬುದು ಬಲಗೈ ಮೇಲೇಳದವರಿಗೆ ಮಾತ್ರ ಗೊತ್ತು. ಬಾಗಿಲಿನ ಮೇಲಿನ ಚಿಲಕ, ಸಕ್ಕರೆ ಡಬ್ಬ, ಸಿಟಿ ಬಸ್ಸಿನ ಕಂಬಿ, ಎಲ್ಲವೂ ಬೇರೆಯವರಿಗಾಗಿ ಮಾಡಿದವು. ನನ್ನ ಜಡೆ ಕೂಡ ನನ್ನ ಕೈಗೆ ಸಿಗುತ್ತಿರಲಿಲ್ಲ.

ಯಾರನ್ನಾದರೂ ಏನಾದರೂ ಕೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಅಟ್ಟದ ಮೇಲಿನ ಸೂಟ್‌ಕೇಸನ್ನು ಒಬ್ಬಳೇ ಇಳಿಸಲು ಹೋಗಿ ಭುಜ ಕೆಡಿಸಿಕೊಂಡದ್ದೂ ಅದೇ ಕಾರಣಕ್ಕೆ. ಕುವೆಂಪುನಗರದ ಫಿಸಿಯೋಥೆರಪಿ ಡಾಕ್ಟರು ಅದನ್ನು ರೊಟೇಟರ್ ಕಫ್ ತೊಂದರೆ ಎಂದರು. ಭುಜದ ಕೀಲನ್ನು ಸುತ್ತಲಿಂದ ಹಿಡಿದಿಟ್ಟುಕೊಳ್ಳುವ ನಾಲ್ಕು ಸ್ನಾಯುಗಳಿವೆಯಂತೆ. ಅವುಗಳಲ್ಲಿ ಒಂದು ಮುನಿಸಿಕೊಂಡಿದೆಯಂತೆ. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸುವುದು, ಸೊಂಟ ಬಗ್ಗಿಸಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು, ಇವೆಲ್ಲ ಅದನ್ನು ರಮಿಸುವ ವಿಧಾನಗಳು. ಕೊನೆಯದಕ್ಕೆ ನನ್ನ ಕೋಣೆಯಲ್ಲಿ ಜಾಗ ಸಾಲದೆ ತಾರಸಿಗೆ ಹೋದೆ. ಮನೆ ಮಾಲೀಕರಾದ ಸುಶೀಲಮ್ಮನವರು ನೋಡಿ, ಓಲೆ ಬೀಳಿಸಿಕೊಂಡೆಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹುಡುಕತೊಡಗಿದರು. ನಿಜ ಹೇಳಲು ನಾಚಿಕೆಯಾಗಿ ನಾನೂ ಅವರ ಜೊತೆ ಸ್ವಲ್ಪ ಹೊತ್ತು ಹುಡುಕಿದೆ.

ತಂತಿ ತಗ್ಗಿದ್ದನ್ನು ಕಂಡಾಗ ಹಳೆಯ ತಂತಿ, ಜೋತುಬಿದ್ದಿದೆ ಅಂದುಕೊಂಡೆ. ಆದರೆ ಎರಡೂ ಕಡೆಯ ಗಂಟುಗಳು ಹೊಸವು. ಹಿಂಬದಿಯ ಕೋಣೆಯ ಬಾಡಿಗೆದಾರ ಮಹದೇವಸ್ವಾಮಿಯವರು, ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರು, ಒಂದು ಬೆಳಿಗ್ಗೆ ತಮ್ಮ ಅಂಗಿಗಳನ್ನು ಹಿಡಿದು ಬಂದು, ಅಷ್ಟು ಎತ್ತರದ ದೇಹವನ್ನು ಬಗ್ಗಿಸಿ ಆ ತಂತಿಯಡಿ ನುಸುಳಿದರು. ಮರುದಿನವೂ ನುಸುಳಿದರು. ಬೇಸರವಿಲ್ಲದೆ, ಅಲ್ಲಿ ಮೊದಲಿನಿಂದಲೂ ಹಾಗೆಯೇ ಬಗ್ಗಿ ನಡೆಯಬೇಕಿತ್ತು ಎಂಬಂತೆ. ಆಗ ಅರ್ಥವಾಯಿತು, ಇಳಿಸಿದವರು ಅವರೇ. ನಾನು ಎಡಗೈಯಲ್ಲಿ ದುಪಟ್ಟಾ ಎಸೆದು, ಅದು ಬಿದ್ದು, ಮತ್ತೆ ಎಸೆಯುವುದನ್ನು ಅವರು ಎಂದೋ ನೋಡಿದ್ದಾರೆ.

ನಾವು ಮಾತಾಡಿದವರಲ್ಲ. ಅವರ ಅಂಗಿಗಳಿಗೂ ನನ್ನ ಬಟ್ಟೆಗಳಿಗೂ ನಡುವೆ ಒಂದು ಮೊಳ ಖಾಲಿ ತಂತಿಯನ್ನು ಬಿಡುವುದು ನನ್ನ ಶಿಸ್ತು. ಥ್ಯಾಂಕ್ಸ್ ಹೇಳಬೇಕೆಂದು ದಿನವೂ ಮೆಟ್ಟಿಲು ಹತ್ತುವಾಗ ವಾಕ್ಯ ಕಟ್ಟುತ್ತಿದ್ದೆ. ಕರಡು ತಿದ್ದುವುದು ನನ್ನ ಉದ್ಯೋಗ. ಮೇಲೆ ತಲುಪುವಷ್ಟರಲ್ಲಿ ಇಡೀ ವಾಕ್ಯವನ್ನೇ ಹೊಡೆದು ಹಾಕಿರುತ್ತಿದ್ದೆ. ನನಗಾಗಿ ಒಬ್ಬರು ದಿನವೂ ತಲೆ ಬಗ್ಗಿಸುತ್ತಾರೆ ಎಂಬುದನ್ನು ಕೆಲಸದ ನಡುವೆ ನೆನೆದು ಸುಮ್ಮನೆ ಕೂರುತ್ತಿದ್ದೆ. ಅಷ್ಟೇ ಸಾಕಿತ್ತೆಂದರೆ ಸುಳ್ಳು.

ಹೀಗಿರುವಾಗ ಸುಶೀಲಮ್ಮನವರ ಹೊಸ ಕಾಟನ್ ಸೀರೆಯ ಅಂಚು ನೆಲಕ್ಕೆ ತಾಗಿ ಮಣ್ಣಾಯಿತು. ನಾನೂ ಮಹದೇವಸ್ವಾಮಿಯವರೂ ತಾರಸಿಯಲ್ಲಿದ್ದಾಗಲೇ ವಿಚಾರಣೆ ಶುರುವಾಯಿತು.

"ಯಾರ್ರೀ ತಂತೀನ ಇಷ್ಟು ಕೆಳಕ್ಕೆ ಇಳಿಸ್ಬುಟ್ಟೋರು?"

ಮಹದೇವಸ್ವಾಮಿಯವರು ಬಾಯಿ ತೆರೆದರು. ಯಾರಿಗಾಗಿ ಎಂಬುದೂ ಈಗ ಹೊರಬರುತ್ತದೆ ಎಂದು ನನಗೆ ದಿಗಿಲಾಯಿತು. "ನಾನೇ ಆಂಟಿ," ಅಂದುಬಿಟ್ಟೆ.

ಸುಶೀಲಮ್ಮನವರು ನನ್ನ ಭುಜವನ್ನೂ, ತಂತಿ ಕಟ್ಟಿದ್ದ ಕೊಕ್ಕೆಯನ್ನೂ ನೋಡಿದರು. "ಈ ಕೈಲಾ? ಮೊನ್ನೆ ಸಕ್ಕರೆ ಡಬ್ಬ ಇಳಿಸ್ಕೊಟ್ಟೋಳು ನಾನು ಕಣಮ್ಮ." ಆಮೇಲೆ ನಮ್ಮಿಬ್ಬರನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ, "ಯಾರಾದ್ರೂ ಇಳಿಸ್ಕೊಳ್ಳಿ ಬುಡಿ. ಸಂಜೆ ಒಳ್ಗೆ ಮೇಲಕ್ಕೆ ಕಟ್ಬುಡಿ, ಸ್ವಾಮಿಯವ್ರೇ," ಎಂದು ಸೀರೆ ಎತ್ತಿಕೊಂಡು ಇಳಿದರು. ಅವರ ಹಿಂದೆಯೇ ನಾನೂ ಇಳಿದೆ. ಓಡಿದೆ ಎಂದರೂ ತಪ್ಪಿಲ್ಲ.

ಅಂದು ಸಂಜೆಯೇ ಕ್ಲಿನಿಕ್ಕಿನ ಗೋಡೆಯ ಮೇಲೆ ನನ್ನ ಬೆರಳುಗಳು ನೆತ್ತಿಯನ್ನೂ ದಾಟಿ ಹತ್ತಿದವು. ಡಾಕ್ಟರಿಗೆ ನನಗಿಂತ ಹೆಚ್ಚು ಸಂತೋಷ. "ಇನ್ನು ನೀವು ಯಾರನ್ನೂ ಕಾಯ್ಬೇಕಾಗಿಲ್ಲ ಕಣ್ರೀ, ಎಲ್ಲಾ ನೀವೇ ಮಾಡ್ಕೋಬಹುದು," ಅಂದರು. ತಿಂಗಳುಗಟ್ಟಲೆ ಬಯಸಿದ್ದ ಮಾತು. ರಾಮಕೃಷ್ಣನಗರದ ಮನೆಯವರೆಗೂ ಅದನ್ನು ಕೆಟ್ಟ ಸುದ್ದಿಯಂತೆ ಹೊತ್ತು ತಂದೆ. ತಂತಿ ಇಷ್ಟರಲ್ಲಿ ಮೇಲೇರಿರುತ್ತದೆ, ಕೈಯೂ ಏರಿತು. ಇನ್ನು ಅವರು ಬಗ್ಗಬೇಕಾಗಿಲ್ಲ, ನನ್ನ ಕಡೆ ನೋಡಬೇಕಾದ ಕಾರಣವೂ ಇಲ್ಲ.

ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ಬೇಗ ತಾರಸಿಗೆ ಹೋದೆ. ತಂತಿ ಹಳೆಯ ಎತ್ತರದಲ್ಲಿತ್ತು. ಯಾರೂ ಇಲ್ಲದ್ದನ್ನು ನೋಡಿಕೊಂಡು ಬಲಗೈ ಎತ್ತಿದೆ. ಸಿಕ್ಕಿತು. ದುಪಟ್ಟಾ ಹರವಿದೆ, ಒಂದು ಕ್ಷಣ ನೋಡಿದೆ, ಮತ್ತೆ ಎಳೆದು ಬಕೆಟ್ಟಿಗೆ ಹಾಕಿ ಕಾಯುತ್ತ ನಿಂತೆ. ಮಹದೇವಸ್ವಾಮಿಯವರು ಬಂದಾಗ, ವಾಕ್ಯ ತಿದ್ದಲು ನನಗೇ ಸಮಯ ಕೊಡದೆ, "ಇದನ್ನ ಸ್ವಲ್ಪ ಹಾಕ್ಕೊಡ್ತೀರಾ?" ಎಂದು ಕೇಳಿದೆ. ಅವರು ಹಾಕಿಕೊಟ್ಟರು, ತಮ್ಮ ಅಂಗಿಯ ಪಕ್ಕದಲ್ಲೇ. ಆ ಗಡಿಬಿಡಿಯಲ್ಲಿ ನಾನು ಬಲಗೈಯನ್ನು ತಂತಿಯವರೆಗೂ ಸಲೀಸಾಗಿ ಎತ್ತಿ, ಕ್ಲಿಪ್ಪನ್ನು ಅವರ ಕೈಗೆ ಕೊಟ್ಟುಬಿಟ್ಟೆ.