ಗಟ್ಟಿ ಅನಂತ, ಮಹಾಗಟ್ಟಿ ಅನಂತ

ಗಣಿತದ ಮೇಡಂ ಅಂದ ಮೇಲೆ ಜನ ನನ್ನ ಹತ್ತಿರ ಎರಡೇ ವಿಷಯ ಮಾತಾಡೋದು: ಮಗನ ಮಾರ್ಕ್ಸು, ಮಗಳ ಮಾರ್ಕ್ಸು. ನನಗೋ ಹತ್ತೊಂಬತ್ತು ವರ್ಷದಿಂದ ಒಂದೇ ಆಸೆ. ಯಾರಾದರೂ ಒಬ್ಬರು ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ತಿರುಗಿ ಒಂದು ಪ್ರಶ್ನೆ ಕೇಳಬೇಕು. ಹಾಸನದಲ್ಲಿ ಬಾಡಿಗೆ ಮನೆ, ಹೊಳೆನರಸೀಪುರದಲ್ಲಿ ಪಾಠ, ತಲೆಯಲ್ಲಿ ಈ ಆಸೆ. ಇಂಥವಳಿಗೆ ಇಂಥವು ಆಗ್ತಾನೇ ಇರುತ್ತವೆ.

ಪ್ರಶ್ನೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡಿ. ಅನಂತಗಳಲ್ಲೂ ದೊಡ್ಡವು, ಚಿಕ್ಕವು ಇವೆ. ಕೆಲವು ಎಷ್ಟು ದೊಡ್ಡವೆಂದರೆ, ಅವು ಇವೆ ಅಂತ ಸಾಧಿಸೋದಕ್ಕೆ ನಮ್ಮ ಈಗಿನ ನಿಯಮಗಳ ಕೈಲಾಗುವುದಿಲ್ಲ. ಇವೆ ಅಂತ ಒಪ್ಪಿಕೊಂಡೇ ಹೊರಡಬೇಕು. ಅಂಥ ಎರಡು ಬಗೆಗಳನ್ನು ಗಟ್ಟಿ, ಮಹಾಗಟ್ಟಿ ಅನ್ನೋಣ. ಮಹಾಗಟ್ಟಿ ಆದದ್ದು ಗಟ್ಟಿ ಆಗಿಯೇ ಇರುತ್ತೆ. ಆದರೆ ಬರೀ ಗಟ್ಟಿಯನ್ನು ಒಪ್ಪಿಕೊಂಡು ಹೊರಟರೆ, ಮಹಾಗಟ್ಟಿ ಇರುವ ಒಂದು ಲೋಕ ಕಟ್ಟಬಹುದಾ? ಎರಡರ ಬಲ ಸಮನಾ? ಯಾರಿಗೂ ಗೊತ್ತಿಲ್ಲ. ಇಷ್ಟೇ.

ಸ್ಟಾಫ್ ರೂಮು

ಒಂದು ಮಧ್ಯಾಹ್ನ ಇತಿಹಾಸದ ಸರ್ ಒಬ್ಬರೇ ಸಿಕ್ಕರು. ಪೇಪರಿನ ಅಂಚಿನ ಮೇಲೆ ಚಿತ್ರ ಬರೆದು ಶುರು ಹಚ್ಚಿಕೊಂಡೆ. ಫೋರ್ಸಿಂಗ್ ಅಂತ ಒಂದು ವಿದ್ಯೆ ಇದೆ ಸರ್, ಇರೋ ಲೋಕವನ್ನು ಕೆಡಿಸದೆ ಅದರಲ್ಲಿ ಇಲ್ಲದ್ದೊಂದನ್ನು ತಂದು ಸೇರಿಸಿ ಹೊಸ ಲೋಕ ಕಟ್ಟೋದು ಅಂದೆ. ಮನುಷ್ಯ ಕಣ್ಣು ಮಿಟುಕಿಸದೆ ಹತ್ತು ನಿಮಿಷ ಕೇಳಿದರು. ತಲೆ ಬೇರೆ ಆಡಿಸಿದರು. ಕೊನೆಗೆ ಮೆಲ್ಲಗೆ, "ಮೇಡಂ, ಒಂದು ಪ್ರಶ್ನೆ ಕೇಳಲಾ?" ಅಂದರು.

ನನ್ನ ಎದೆ ಡವಡವ ಅಂತು. "ಕೇಳಿ ಸರ್, ಕೇಳಿ!"

"ನಿಮ್ಮ ಡಬ್ಬಿಲಿ ಆ ಕೊನೇ ಚಕ್ಕುಲಿ ಹಂಗೇ ಉಳಿದಿದೆಯಲ್ಲ, ಅದು ಯಾರಿಗಾದ್ರೂ ಬೇಕಾ?"

ಕೊಟ್ಟೆ. ಪ್ರಶ್ನೆ ಅಂತೂ ಕೇಳಿದರಲ್ಲ, ಪುಣ್ಯಾತ್ಮ.

ಓನರ್

ನಮ್ಮ ಮನೆ ಓನರ್ ದಿನಾ ಸಂಜೆ ತಾರಸಿ ಹತ್ತಿ ಬೂವನಹಳ್ಳಿ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಅಲ್ಲಿ ವರ್ಷಗಟ್ಟಲೆಯಿಂದ ಕಟ್ಟುತ್ತಲೇ ಇರುವ ನಿಲ್ದಾಣದಲ್ಲಿ ವಿಮಾನ ಇಳಿಯುವ ದಿನಕ್ಕೆ ಕಾಯುತ್ತಾ. ಒಣಗಿದ ಬಟ್ಟೆ ತೆಗೆಯಲು ಹೋದಾಗ, "ಯಾವಾಗ್ಲೂ ಅದೇನ್ರಮ್ಮ ಬರೀತಿರ್ತೀರಿ?" ಅಂದರು. ಹೇಳಿದೆ. ಇದೆ ಅಂತ ತೋರಿಸೋಕಾಗಲ್ಲ, ಇದೆ ಅಂತ ನಂಬಿಕೊಂಡು ಮುಂದಿನ ಕೆಲಸ ಮಾಡ್ತಾ ಹೋಗಬೇಕು ಅಂದೆ.

"ಅದ್ರಲ್ಲೇನೈತೆ ಕಷ್ಟ? ನಾನು ಕಿಟಕಿಗೆಲ್ಲ ದಪ್ಪನೆ ಗಾಜು ಆಗ್ಲೇ ಆಕ್ಸಿಲ್ವಾ, ವಿಮಾನದ ಸದ್ದಿಗೆ ನಿದ್ದೆ ಕೆಡಬಾರ್ದು ಅಂತ!"

ಅರಕಲಗೂಡಿನ ಗೆಳತಿ

ಮೈಸೂರಿನಲ್ಲಿ ಸಂಶೋಧನೆಗೆ ಸೇರಿದಾಗ ನಾವಿಬ್ಬರು. ಒಂದೇ ಹಾಸ್ಟೆಲ್ ಕೋಣೆ, ಒಂದೇ ಕರಿಹಲಗೆ, ಒಂದೇ ಪ್ರಶ್ನೆ. ಎರಡೂ ಸಮ ಅಂತ ನಾನು, ಅಲ್ಲ ಅಂತ ಅವಳು. ಸೋತವರು ಮಸಾಲೆ ದೋಸೆ ಕೊಡಿಸಬೇಕು ಅಂತ ಪಂಥ. ಆಮೇಲೆ ಅವಳು ಬಿಟ್ಟಳು, ನಾನೂ ಕೆಲಸ ಸಿಕ್ಕಿತು ಅಂತ ಅರ್ಧಕ್ಕೇ ಬಿಟ್ಟೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಹೋದ ಸಲ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋದವಳು ಅರಕಲಗೂಡಿನಲ್ಲಿ ಇಳಿದು ಅವಳ ಮನೆಗೆ ಹೋದೆ. ಹಜಾರದ ತುಂಬ ಟ್ಯೂಷನ್ ಬೆಂಚು. ಚೀಲದಿಂದ ನಾವಿಬ್ಬರೂ ಬರೆಯುತ್ತಿದ್ದ ಹಳೆಯ ನೋಟ್‌ಬುಕ್ ತೆಗೆದೆ. ಅವಳು ತನ್ನದೇ ಅಕ್ಷರವನ್ನು ಬೇರೆ ಯಾರದೋ ಅನ್ನುವಂತೆ ನೋಡಿ, "ಎಲ್ಲಾ ಮರ್ತೋಯ್ತು ಕಣೇ. ಕಾಫಿಗೆ ಸಕ್ಕರೆ ಎಷ್ಟು?" ಅಂದಳು.

ನನಗೆ ತುಂಬಾ ಸಂಕಟವಾಯಿತು. ಆ ಕೋಣೆ, ಆ ಸೀಮೆಸುಣ್ಣದ ಪುಡಿ, ನಡುವೆ ಮಾತು ಕಸಿದುಕೊಂಡು ಜಗಳಕ್ಕೆ ನಿಲ್ಲುತ್ತಿದ್ದ ಆ ಹುಡುಗಿ, ಎಲ್ಲ ಬೇಕು ಅನ್ನಿಸಿತು. ಕಾಫಿ ಕುಡಿದು ಬಂದು ಬಸ್ಸು ಹತ್ತಿದೆ. ಬಸ್ಸು ಹೊರಟಿತು ಅನ್ನುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ಕಿಟಕಿ ಬಡಿದಳು.

"ಲೇ! ಸಮ ಅಂದಿದ್ದು ನೀನು! ಅಲ್ಲ ಅಂದಿದ್ದು ನಾನು! ಕೊನೇಲಿ ಉಲ್ಟಾ ಹೊಡೀಬೇಡ!"

ಕಂಡಕ್ಟರ್ ವಿಷಲ್ ಊದಿ ಬಸ್ಸು ನಿಲ್ಲಿಸಿದ. "ಅಮ್ಮಾ, ಆಸ್ತಿ ಇಚಾರ ಆದ್ರೆ ಇಳ್ದು ಇತ್ಯರ್ಥ ಮಾಡ್ಕಂಡು ಮುಂದಿನ್ ಬಸ್ಸಿಗ್ ಬನ್ನಿ."

ಚನ್ನರಾಯಪಟ್ಟಣದ ಉಪನ್ಯಾಸ

ಅಲ್ಲಿನ ಒಂದು ಕಾಲೇಜಿನವರು, "ಮೇಡಂ, ನಿಮ್ಮ ಇಷ್ಟದ ವಿಷಯ, ಒಂದು ಗಂಟೆ" ಅಂತ ಕರೆದರು. ಮೂರು ರಾತ್ರಿ ನಿದ್ದೆ ಮಾಡಲಿಲ್ಲ ನಾನು.

ಆದರೆ ನಮ್ಮ ಕಡೆ ಕಾರ್ಯಕ್ರಮ ಅಂದರೆ ಗೊತ್ತಲ್ಲ. ಪ್ರಾರ್ಥನೆ ಆಯಿತು, ದೀಪ ಆಯಿತು, ಫ್ಯಾನಿನ ಗಾಳಿಗೆ ಆರಿ ಮತ್ತೆ ದೀಪ ಆಯಿತು. ಸ್ವಾಗತ, ನನ್ನ ಪರಿಚಯ, ಪರಿಚಯ ಮಾಡಿದವರ ಪರಿಚಯ. ಆಮೇಲೆ ಸೆರಗಿಗೊಂದು ಕಾಲರ್ ಮೈಕು, ಪೇಟ, ಹಾರ, ಹಣ್ಣಿನ ಬುಟ್ಟಿ, ಮಂಡಿಯವರೆಗೆ ಇಳಿಬೀಳುವ ಶಾಲು. ನಾನು ಎದ್ದು "ಅನಂತಗಳಲ್ಲೂ ದೊಡ್ಡವು, ಚಿಕ್ಕವು ಇವೆ" ಅಂದೆ ಅಷ್ಟೇ. ಪ್ರಿನ್ಸಿಪಾಲರು ಗಡಿಯಾರ ನೋಡಿ, "ಬಹಳ ಅರ್ಥಪೂರ್ಣವಾಗಿ ಮಾತಾಡಿದ್ರಿ" ಅಂತ ಚಪ್ಪಾಳೆ ಹೊಡೆಸಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು.

ಖಾಲಿ ಹಾಲ್‌ನಲ್ಲಿ ಪೇಟ ಸಮೇತ ಕೂತೆ. ಮೈಕ್ ಸೆಟ್ಟಿನ ಯಜಮಾನ ವೈರು ಸುತ್ತುತ್ತಿದ್ದ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ದೊಡ್ಡವು ಚಿಕ್ಕವು ಅವೆ ಅಂದ್ರಲ್ಲ, ಮುಂದಕ್ಕೇಳಿ ಮೇಡಂ. ನಂಗಿನ್ನೂ ಅರ್ಧಗಂಟೆ ಕೆಲ್ಸ ಐತೆ" ಅಂದ.

ಹೇಳಿದೆ. ಗಟ್ಟಿ, ಮಹಾಗಟ್ಟಿ, ಫೋರ್ಸಿಂಗ್, ಎಲ್ಲ. ಅವನು ವೈರು ಸುತ್ತೋದು ನಿಲ್ಲಿಸಿ ಕೇಳಿದ: "ತಡೀರಿ. ಎರಡೂ ಒಂದೇ ಅಲ್ಲ ಅಂತ ಗೊತ್ತಾಗೈತೆ. ಬಲ ಒಂದೇನಾ ಅಂತ ಗೊತ್ತಾಗಿಲ್ಲ. ಅಷ್ಟೇ ತಾನೆ? ನನ್ನತ್ರ ಎರಡು ಕಂಪ್ನಿ ಆಂಪ್ಲಿಫೈಯರ್ ಅವೆ, ಅಂಗೆಯ."

ಹತ್ತೊಂಬತ್ತು ವರ್ಷ! ಕುರ್ಚಿ ಅವನ ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ಏನೇನು ಒದರಿದೆನೋ ದೇವರಿಗೇ ಗೊತ್ತು. ಚಕ್ಕುಲಿ ಸರ್ ಕಥೆ ಹೇಳಿದೆ, ಗೆಳತಿ ಕಥೆ ಹೇಳಿದೆ. ಒಂದು ದಿನ ಅವಳಿಗೆ ಫೋನ್ ಮಾಡಿ "ಉತ್ತರ ಸಿಕ್ತು ಕಣೇ, ಬಾರೇ" ಅನ್ನಬೇಕು, ಸೋತರೂ ಪರವಾಗಿಲ್ಲ, ಎದುರಿಗೆ ಕೂತು ದೋಸೆ ತಿನ್ನಬೇಕು ಅಂತ ಅತ್ತುಕೊಂಡೇ ಹೇಳಿದೆ.

ಮನಸ್ಸು ಹಗುರಾಗಿ ಎದ್ದು ಶಾಲು ತೆಗೆದೆ. ಅಡಿಯಲ್ಲಿ ಕಾಲರ್ ಮೈಕು ಹಾಗೇ ಇತ್ತು, ಕೆಂಪು ದೀಪ ಉರಿಯುತ್ತಾ. ಯಜಮಾನ ನಾಲಿಗೆ ಕಚ್ಚಿಕೊಂಡ. ಹಾಲ್ ಒಳಗಿನ ಸ್ಪೀಕರ್ ಆರಿಸಿದ್ದನಂತೆ. ಊರಿಗೆ ಕೇಳಲಿ ಅಂತ ಗೇಟಿನ ಮರಕ್ಕೆ ಕಟ್ಟಿದ್ದ ಎರಡು ಹಾರ್ನು ಆರಿಸೋದು ಮರೆತಿದ್ದನಂತೆ.

ತಲೆ ತಗ್ಗಿಸಿಕೊಂಡು ಗೇಟು ದಾಟುತ್ತಿದ್ದೆ. ಎಳನೀರು ಮಾರುವ ಹೆಂಗಸು ಮಚ್ಚು ಹಿಡಿದುಕೊಂಡೇ ಅಡ್ಡ ಬಂದಳು. ಹಿಂದೆ ನಾಲ್ಕು ಜನ ಗಿರಾಕಿಗಳು, ಕೆತ್ತದ ಎಳನೀರು ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ಆ ಚಕ್ಕುಲಿ ತಿಂದೋನಿಗೆ ಮಾನ ಮರ್ವಾದೆ ಇಲ್ವಾ? ಅದಿರ್ಲಿ ಕಣವ್ವ, ಆ ಗಟ್ಟಿಯಿಂದ ಮಹಾಗಟ್ಟಿ ಉಟ್ಟುಸ್ಬೌದಾ, ಇಲ್ವಾ?"

ನಾನು ಅಲ್ಲೇ ನಿಂತೆ. ಒಂದೇ ದಿನ ಎರಡನೇ ಪ್ರಶ್ನೆ. ಕಣ್ಣು ಮತ್ತೆ ತುಂಬಿ ಬಂತು.

"ಗೊತ್ತಿಲ್ಲ ಕಣಮ್ಮ. ನನಗಲ್ಲ, ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ."

ಅವಳು ಗಿರಾಕಿಗಳ ಮುಖ ನೋಡಿದಳು, ಹಾರ್ನಿನ ಕಡೆ ನೋಡಿದಳು, ನನ್ನ ಪೇಟ ನೋಡಿದಳು.

"ಅಯ್ಯೋ ಶಿವನೇ! ಗೊತ್ತಿಲ್ದೇ ಇರಾದ್ನಾ ಇಷ್ಟು ಜೋರಾಗಿ ಏಳುದ್ದು? ಕೂತ್ಕಳವ್ವ, ಎಳನೀರ್ ಕುಡಿ. ಗೊತ್ತಾದ್ ದಿನ ಮೈಕ್ ಬ್ಯಾಡ, ಮೆತ್ತಗ್ ಬಂದು ನಂಗ್ ಮೊದ್ಲು ಏಳು."